ನಿಮ್ಮ ಗಡಿಯಾರ ಹಿಂದಿದೆ

ಐದು ಗಂಟೆಯೊಳಗೆ ಹಂದಿಗೂಡಿನ ಫೋಟೊ ಹೋಗಬೇಕು.
ಹೋಗದಿದ್ದರೆ ಸಂಘದ ಸಾಲ ಮುಂದಿನ ವರ್ಷಕ್ಕೆ.
ಹೊಸ ಫೋನು ಗೂಡು ತೊಳೆಯುವಾಗಲೇ ಬಕೆಟ್ಟಿಗೆ ಬಿತ್ತಂತೆ,
ಹಾಗಾಗಿ ಕುಸುಮಾವತಿಯಕ್ಕ ಹಳೆಯದನ್ನು ತಂದಿದ್ದಾರೆ,
ಮಡಿಕೇರಿಯಲ್ಲಿ ಬ್ಯಾಟರಿ ಬದಲಿಸಿ, ಸಿಮ್ಮಿಲ್ಲದೆ,
ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ.

ಮಾದಾಪುರದ ಪಂಚಾಯಿತಿ ಲೈಬ್ರರಿಗೆ ಇಂಟರ್ನೆಟ್ಟು
ಕಿಟಕಿ ಸಂದಿಯಿಂದ ಒಂದು ನೀಲಿ ವಯರಾಗಿ ಬರುತ್ತದೆ,
ನನ್ನ ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿಕೊಳ್ಳುತ್ತದೆ, ಅಷ್ಟೆ.
ಅಲ್ಲಿಂದ ಮುಂದೆ ಗಾಳಿಯಲ್ಲಿ ಹಂಚುವುದು ನನ್ನ ಕೆಲಸ.
ಸರ್ಕಾರ ಸಂಬಳ ಕೊಡುವುದು ಪುಸ್ತಕ ಹಂಚಲಿಕ್ಕೆ.

ಹಾಟ್‌ಸ್ಪಾಟ್ ಒತ್ತಿದೆ.
ಅವರ ಫೋನಿನ ಪಟ್ಟಿಯಲ್ಲಿ ಪೋಸ್ಟಾಫೀಸಿದೆ,
ಎದುರಿನ ಕೋಳಿ ಅಂಗಡಿಯಿದೆ, ಎರಡೂ ಬೀಗ ಹಾಕಿಕೊಂಡು.
ನಾನಿಲ್ಲ.
ಎರಡಡಿ ದೂರದಲ್ಲಿ ಕೂತಿದ್ದೇನೆ, ನಾನಿಲ್ಲ.
ಆಮೇಲೆ ಹೊಳೆಯಿತು: ಲ್ಯಾಪ್‌ಟಾಪು ಐದು ಗಿಗಾಹರ್ಟ್ಸಿನಲ್ಲಿ ಕೂಗುತ್ತಿದೆ,
ಮುದಿ ಫೋನಿಗೆ ಎರಡು ಪಾಯಿಂಟ್ ನಾಲ್ಕರಷ್ಟೇ ಕಿವಿ.
ದನಿ ಇಳಿಸಿದೆ. ಕೇಳಿಸಿತು.

ಪಾಸ್‌ವರ್ಡು ಪುಸ್ತಕ, ಮುಂದೆ ಒಂದು ಎರಡು ಮೂರು.
ಮೊದಲ ಅಕ್ಷರ ತಾನಾಗಿಯೇ ದೊಡ್ಡದಾಗುತ್ತಿತ್ತು. ತಪ್ಪು.
ಮತ್ತೆ ತಪ್ಪು. ಕಣ್ಣಿನ ಚಿತ್ರ ಒತ್ತಿ ನೋಡಿ
ಚಿಕ್ಕದು ಮಾಡಿದೆವು.

‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದಿತು ಫೋನು.
ಪಡೆಯಲಾಗುತ್ತಿದೆ. ಪಡೆಯಲಾಗುತ್ತಿದೆ.
ಅಕ್ಕ ಓದಿ ನಕ್ಕರು: “ನಮಗೂ ಹೀಗೇ ಹೇಳ್ತಿದ್ರಲ್ಲ,
ಕಾಲೊನಿಯ ಮನೆ ನಂಬರು ಬರುವ ತನಕ.”

‘ಮರೆತುಬಿಡು’ ಎಂದೊಂದು ಗುಂಡಿಯಿದೆ.
ಒತ್ತಿ, ಎಲ್ಲ ಮೊದಲಿಂದ.

‘ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ.’
ಇದನ್ನು ಅವರೇ ಅರೆಭಾಷೆಗೆ ತಂದರು:
“ಉಟ್ಟು. ಆದರೆ ಇಲ್ಲೆ.”
ತಪ್ಪು ನನ್ನದು. ಇಂಟರ್ನೆಟ್ ಇದ್ದದ್ದು ವಯರಿನಲ್ಲಿ,
ನಾನು ಹಂಚಲು ಆರಿಸಿದ್ದು ವೈಫೈಯನ್ನು;
ಖಾಲಿ ಪಾತ್ರೆಗೆ ಸೌಟು ಹಾಕಿ ಬಡಿಸುತ್ತಿದ್ದೆ.
ಸರಿಮಾಡಿದೆ. ನಾಲ್ಕು ಇಪ್ಪತ್ತು.
ಸಂಘದ ಪುಟ ಅರ್ಧ ತೆರೆದು ನಿಂತಿತು:
‘ನಿಮ್ಮ ಗಡಿಯಾರ ಹಿಂದಿದೆ.’

ಅಕ್ಕ ಗೋಡೆ ನೋಡಿದರು. ಗೋಡೆಯದು ಸರಿಯಾಗೇ ಇದೆ.
“ಎಷ್ಟು ಹಿಂದೆ?”
“ಎರಡು ಸಾವಿರದ ಹದಿನಾರು, ಜನವರಿ ಒಂದು.”
ಬ್ಯಾಟರಿ ಬಿಚ್ಚಿದರೆ ಕೆಲವು ಫೋನು
ಹುಟ್ಟಿದ ದಿನಕ್ಕೆ ವಾಪಸು ಹೋಗಿ ಕೂರುತ್ತವೆ, ಎಂದೆ.
ಅವರು ಕೇಳಿಸಿಕೊಳ್ಳಲಿಲ್ಲ, ಬೆರಳು ಮಡಚುತ್ತಿದ್ದರು:
ಆಗ ಕೆಳಗಿನ ಗದ್ದೆ ಇತ್ತು. ಹಂದಿ ಏಳು.
ತೋಡು ಬಚ್ಚಲಿನ ಎಡಕ್ಕೆ ಹರಿಯುತ್ತಿತ್ತು.
ಮೇಲಿನ ಗುಡ್ಡ ಮೇಲೆಯೇ ಇತ್ತು.

“ಕೊಡಿ ಇಲ್ಲಿ.”
ಇಸವಿಯ ಚಕ್ರ ಅವರ ಬೆರಳಿನಡಿ ಉರುಳಿತು,
ಹದಿನಾರು, ಹದಿನೇಳು,
ಅಲ್ಲಿಂದ ಒಂದೇ ನೂಕಿಗೆ ಇಪ್ಪತ್ತು ದಾಟಿ
ಎಲ್ಲೋ ಮುಂದೆ ಹೋಗಿ, ತಿರುಗಿ ಬಂದು ಈ ವರ್ಷಕ್ಕೆ ನಿಂತಿತು.
ತಿಂಗಳು ತಾರೀಖು ನಾನು ಹೇಳಿದೆ.

ಪುಟ ತೆರೆಯಿತು.
ತೊಂಬತ್ತೊಂಬತ್ತರಲ್ಲಿ ಸುಮಾರು ಹೊತ್ತು ಯೋಚಿಸಿ
ಫೋಟೊ ಹೋಯಿತು. ಐದಕ್ಕೆ ಹತ್ತು ನಿಮಿಷ.
ಅದರ ಮೂಲೆಯಲ್ಲಿ ಮಾತ್ರ ೨೦೧೬ ಎಂದೇ ಉಳಿದಿದೆ:
ಹೊಸ ಸಿಮೆಂಟಿನ ಗೂಡು, ಹಿಂದೆ ಕಾಲೊನಿಯ ನೀರಿನ ಟ್ಯಾಂಕಿ,
ಕಳೆದ ತಿಂಗಳು ಹುಟ್ಟಿದ ಎಂಟು ಮರಿ.
“ಬ್ಯಾಂಕಿನವರು ಕೇಳಿದರೆ?”
“ಕೇಳಲಿ,” ಎಂದರು, ಫೋನಿಗೆ ಚೀಲ ಸುತ್ತುತ್ತ.

ನನ್ನ ಪರದೆಯ ಮೇಲೆ ‘ಒಂದು ಸಾಧನ’ ಎಂದಿತ್ತು.
ಕಾಫಿ ಒಣಹಾಕಿದ ಅಂಗಳ ದಾಟಿ, ಗೇಟಿನ ತನಕವೂ ಒಂದು.
ಜೀಪ್ ಸ್ಟ್ಯಾಂಡಿನ ಹತ್ತಿರ ಎಲ್ಲೋ ಸೊನ್ನೆಯಾಯಿತು.
ಐದು ನಿಮಿಷ ಯಾರೂ ಬಾರದಿದ್ದರೆ ತಾನೇ ಆರುತ್ತದೆ ಅದು.
ಅಷ್ಟರಲ್ಲಿ ರಿಜಿಸ್ಟರು ತೆಗೆದೆ.
ಇಂದಿನ ಓದುಗರು: ಒಬ್ಬರು.
ಎರವಲು ಕೊಟ್ಟ ಪುಸ್ತಕ, ಎಂಬಲ್ಲಿ
ಒಂದು ಎರಡು ಮೂರು ಎಂದು ಬರೆದು, ಹೊಡೆದುಹಾಕಿದೆ.