ಊದುಬತ್ತಿ ಹಿಡಿದು ಮನೆ ಸುತ್ತಿದ್ದು

ಹುಳು ಇಲ್ಲದ ವಾರ ಅದು.
ಚಾಕಿ ಎರಡನೇ ಜ್ವರ ಎದ್ದು
ಮೇಲೂರಿಗೆ, ಮಳ್ಳೂರಿಗೆ ಹೋಗಿಯಾಗಿತ್ತು.
ತಟ್ಟೆಗಳೆಲ್ಲ ಬ್ಲೀಚಿಂಗ್ ನೀರಲ್ಲಿ ಮಿಂದು
ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು.
ಉಳಿದ ದಿನ ಈ ಮನೆಯೊಳಗೆ ಬೀಡಿ ಹೊಗೆ ನಿಷಿದ್ಧ,
ಸೆಂಟು ಹಾಕಿದ ನೆಂಟರೂ ಹೊಸಿಲಾಚೆಯೇ.
ಇವತ್ತು ಮಾತ್ರ
ಬಡಗಿ ಪಿಳ್ಳಾಂಜಿನಪ್ಪ ಊದುಬತ್ತಿ ಹಚ್ಚಿದ.

ದೇವರಿಗಲ್ಲ. ಗಾಳಿಗೆ.

"ಹೊಗೆ ನೆಟ್ಟಗೆ ನಿಂತರೆ ಸರಿ ತಾಯಿ,
ಬಾಗಿತೋ, ಅಲ್ಲಿ ನಿನ್ನ ದುಡ್ಡು ಸೋರುತ್ತಿದೆ."
ನನ್ನ ಕೈಯಲ್ಲಿ ಡಿಸೆಂಬರಿನ ಕರೆಂಟು ಬಿಲ್ಲು:
ಮೂರು ಹೀಟರು, ರಾತ್ರಿಯಿಡೀ,
ಇಪ್ಪತ್ತೇಳು ಡಿಗ್ರಿ ಬಿಟ್ಟುಕೊಡದೆ
ಶಿಡ್ಲಘಟ್ಟದ ಚಳಿಯ ಜೊತೆ ಹಗ್ಗ ಜಗ್ಗಿದ ಲೆಕ್ಕ.

ಮನೆ ನಮ್ಮ ಮಾವನ ಅಜ್ಜ ಕಟ್ಟಿಸಿದ್ದು.
ಹೊನ್ನೆ ಕಂಬ, ಹಲಸಿನ ತೊಲೆ, ಬೇವಿನ ಜಂತೆ,
ಅಟ್ಟವೂ ಹಲಗೆ, ನಡುಮನೆಯ ಗೋಡೆಯೂ ಹಲಗೆ;
ಮಣ್ಣಿಗಿಂತ ಮರವೇ ಹೆಚ್ಚು.
ಆಗ ಎರಡು ಹಲಗೆ ನಡುವೆ ಉಗುರೂ ತೂರುತ್ತಿರಲಿಲ್ಲವಂತೆ.
ನೂರು ಬೇಸಿಗೆಗೆ ಕುಗ್ಗಿ ಕುಗ್ಗಿ
ಈಗ ಯಾವ ಸಂದಿಯಲ್ಲಾದರೂ
ರೂಪಾಯಿ ಬಿಲ್ಲೆ ನಿಲ್ಲಿಸಬಹುದು.

ಕಿಟಕಿಯ ಹತ್ತಿರ ಹೊಗೆ ಬಾಗಿತು, ಗೊತ್ತಿದ್ದದ್ದೇ.
ಬಾಗಿಲ ಕೆಳಗೆ ಮಲಗಿಯೇ ಬಿಟ್ಟಿತು.
ಆಮೇಲೆ, ಏನೂ ಇಲ್ಲದ ಕಡೆ,
ನಡುತೊಲೆಯ ಪಕ್ಕ ಗಿರ್ರನೆ ಒಂದು ಸುತ್ತು ಸುತ್ತಿ
ಸರ್ರನೆ ಮೇಲಕ್ಕೆ ಹೋಯಿತು,
ಯಾರೋ ಮೂಗಲ್ಲಿ ಸೇದಿಕೊಂಡ ಹಾಗೆ.

ಏಣಿ ಹಾಕಿ ನೋಡಿದರೆ
ತೊಟ್ಟಿಲ ಸರಪಳಿ ಹಾಯುತ್ತಿದ್ದ ತೂತು.
ನನ್ನ ಇಬ್ಬರನ್ನೂ ತೂಗಿದ್ದು ಅಲ್ಲೇ.
ನಾದಿನಿಯ ಮೂರನೆಯದನ್ನು ತೂಗದೆಯೇ
ಸರಪಳಿ ಬಿಚ್ಚಿಟ್ಟದ್ದೂ ಅಲ್ಲಿಂದಲೇ.
ಇಷ್ಟು ವರ್ಷ ಮನೆಯ ಬಿಸಿ ಆ ದಾರಿ ಹಿಡಿದು ಹೋಗುತ್ತಿತ್ತು,
ನಾವು ಅದರ ಕೆಳಗೇ ಕೂತು ಸೊಪ್ಪು ಹೆಚ್ಚುತ್ತಿದ್ದೆವು.

ಸಿಮೆಂಟು ತುಂಬಿಸಿ ಬಿಡಿ ಅತ್ತಿಗೆ, ಎಂದ ಮೈದುನ.
ಪಿಳ್ಳಾಂಜಿನಪ್ಪ ಕಿವಿಯ ಪೆನ್ಸಿಲು ತೆಗೆದು ಮತ್ತೆ ಸಿಕ್ಕಿಸಿಕೊಂಡ:
"ಮರ ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಇಳಿಯುತ್ತೆ.
ಬಾಯಿಗೆ ಕಲ್ಲು ತುರುಕಿದರೆ ಪಕ್ಕೆ ಸೀಳಿಕೊಳ್ಳುತ್ತೆ."
ಗೆದ್ದಲಿಗೆ ಔಷಧಿ ಹೊಡೆಯೋಣವೆಂದರೆ
ಆ ವಿಷ ಗೆದ್ದಲು ಯಾವುದು ರೇಷ್ಮೆ ಯಾವುದು ಕೇಳುವುದಿಲ್ಲ.

ಕೊನೆಗೆ ಫಿಲೇಚರಿನ ಶಾಹಿದಾ ಕೊಟ್ಟಳು
ಒಂದು ಮೂಟೆ ಚಿಂದಿ ರೇಷ್ಮೆ,
ಬಿಚ್ಚಲಾಗದ್ದು, ತುಂಡಾದದ್ದು, ರೀಲಿಗೆ ಬೇಡವಾದದ್ದು.
ಸೋಡಾದಲ್ಲಿ ಕುದಿಸಿ, ಮೂರು ಬಿಸಿಲು ಒಣಗಿಸಿ,
ದೀಪದ ಬತ್ತಿಯ ಹಾಗೆ ತೊಡೆಯ ಮೇಲೆ ಹೊಸೆದು
ಸಂದಿ ಸಂದಿಗೂ ಇಟ್ಟೆವು, ಮೇಲೆ ಜೇನುಮೇಣ ಸವರಿದೆವು.
ಅಟ್ಟದ ಮೇಲೆ ಸುಣ್ಣ ಬೆರೆಸಿದ ರಾಗಿ ಹೊಟ್ಟು, ಗೇಣು ದಪ್ಪ.
ಪೂರ್ವದ ಒಂದು ಗವಾಕ್ಷಿ ಮಾತ್ರ ಹಾಗೇ ಬಿಟ್ಟ ಪಿಳ್ಳಾಂಜಿನಪ್ಪ,
ಹಗ್ಗ ಎಳೆದರೆ ತೆರೆಯುವಂತೆ.
"ಹುಳೂನೂ ಉಸಿರಾಡಬೇಕು. ಗಾಳಿ ಬರಲಿ,
ಕದ್ದು ಬರೋದು ಬೇಡ, ಕರೆದಾಗ ಬರಲಿ."

ತೊಟ್ಟಿಲ ತೂತಿಗೆ ರೇಷ್ಮೆ ಬೇಡವೆಂದೆ.
ಕಾರಣ ಕೇಳಲಿಲ್ಲ ಅವನು.
ಹಲಸಿನ ತುಂಡು ಕಡೆದು ಬಿರಡೆ ಮಾಡಿದ,
ಬೇಕಾದಾಗ ತೆಗೆಯುವ ಹಾಗೆ ಒಂದು ಹಿಡಿಯಿಟ್ಟು.

ಇಲಾಖೆಯವರು ಬಂದು ಸುತ್ತ ನೋಡಿ ನಕ್ಕರು:
"ಏನಮ್ಮ, ಮನೆಯನ್ನೇ ಗೂಡು ಮಾಡಿಬಿಟ್ಟಿರಲ್ಲ!"
ಹಾಗನ್ನಬೇಡಿ ಸಾರ್, ಎಂದೆ.
ಗೂಡನ್ನು ನಮ್ಮೂರಲ್ಲಿ ಏನು ಮಾಡುತ್ತಾರೆ, ನಿಮಗೆ ಗೊತ್ತಲ್ಲ.

ಈಗ ಹೀಟರು ಒಂದೇ.
ಅದೂ ಆಗಾಗ ತಾನಾಗಿ ಆರಿ ಕೂರುತ್ತದೆ.
ಮೀಟರಿನ ಕೆಂಪು ಕಣ್ಣು ನಿಧಾನ ಮಿಟುಕುತ್ತದೆ,
ಊಟವಾದ ಮುದುಕನ ಹಾಗೆ.
ಕಪ್ಪು ಬಟ್ಟೆಯ ಕೆಳಗೆ ಮೊಟ್ಟೆ ನೀಲಿ ತಿರುಗಿವೆ,
ಬೆಳಗಾದರೆ ಒಡೆಯುತ್ತವೆ.
ಮದುವೆಯಾಗಿ ಬಂದ ರಾತ್ರಿಯಿಂದ
ಈ ಗೋಡೆಯ ಸಿಳ್ಳೆ ಕೇಳಿಯೇ ನಿದ್ದೆ ಮಾಡಿದವಳು ನಾನು;
ಸದ್ದಿಲ್ಲದ್ದಕ್ಕೆ ಎಚ್ಚರವಾಯಿತು.

ಕತ್ತಲಲ್ಲೇ ಏಣಿ ಹತ್ತಿ
ಬಿರಡೆಯ ಮೇಲೆ ಕೈಯಿಟ್ಟೆ.
ಬೆಚ್ಚಗಿತ್ತು.