ಋಣ ಇಂಟು ಋಣ

ಶನಿವಾರ ಅರ್ಧ ದಿನದ ಸಾಲಿ ಬಿಟ್ಟು
ಹುಡುಗರೆಲ್ಲ ಶಹಾಬಾದ ಸ್ಟೇಷನ್ ದಾರಿ ಹಿಡದ ಮ್ಯಾಲ
ಲ್ಯಾಬಿನ ಕೀಲಿ ತಗದೆ.
ಮೂರನೇ ನಂಬರಿನ ಕಂಪ್ಯೂಟರ್ ಒಂದೇ ನಡೀತದ,
ಉಳಿದವು ಮುಸುಕು ಹಾಕ್ಕೊಂಡು ಕುಂತಾವ.
ಇಡೀ ಸಾಲಿಗಿ ಒಂದೇ ಹೆಸರು, ಒಂದೇ ಪಾಸ್‌ವರ್ಡು,
ಅದೂ ಗ್ವಾಡಿ ಮ್ಯಾಲ ಚಾಕ್‌ಪೀಸಿನಿಂದ ಬರದದ್ದು.

ಹೆಡ್ ಮೇಡಂ ಹೇಳಿದ್ದು ಇಷ್ಟೇ:
"ಆ ಎಐ ಕೈಲಿ ಹೋಮ್‌ವರ್ಕ್ ಬರಸ್ತಾರಂತ. ನೋಡ್ರಿ,
ಸೋಮವಾರ ಬಿಇಓ ಆಫೀಸಿಗಿ ವರದಿ ಹೋಗಬೇಕು."
ಕಳ್ಳರನ್ನ ಹಿಡಿಯೋ ಉಮೇದಿನಾಗೇ
ಹಳೇ ಪ್ರಶ್ನೆಗಳ ಪಟ್ಟಿ ಬಿಚ್ಚಿದೆ.

ಸಿಕ್ಕವು ಬಿಡ್ರಿ.
ಪರಿಸರ ಮಾಲಿನ್ಯದ ಪ್ರಬಂಧ, ಹದಿನಾಲ್ಕು ಸಲ.
ರಜಾ ಅರ್ಜಿ, 'ಜ್ವರ ಖರೇ ಅನಸಬೇಕು.'
'ಅಂಬ್ರೇಶ ಅನ್ನೋ ಹೆಸರಿಗಿ
ಮಹಾನಂದಾ ಅನ್ನೋ ಹೆಸರು ಕೂಡ್ತದೇನು.'
'ನೀ ಊಟ ಮಾಡ್ತೀಯೇನು.'
'ಕರೆಂಟ್ ಹೋದ್ರ ನೀ ಎಲ್ಲಿರ್ತಿ.'
ಒಬ್ಬನೇ ನಕ್ಕೆ.
ಹೊರಗ ಪರ್ಸಿ ಕೊಯ್ಯೋ ಮಿಷಿನ್ನು
ಹಲ್ಲು ಕಡಕೊಂಡಂಗ ಕೂಗ್ತಿತ್ತು.

ಆಮ್ಯಾಲ ಇದು.
ಮಂಗಳವಾರ, ಬಿಸಿಯೂಟದ ಹೊತ್ತು:
'ರುಣಕ್ಕ ರುಣ ಗುಣಿಸಿದ್ರ ಧನ ಯಾಕ ಬರ್ತದ'

ಋ ಸಿಕ್ಕಿಲ್ಲ ಕೂಸಿಗಿ, ರು ಹೊಡದದ.

"ತುಂಬಾ ಒಳ್ಳೆಯ ಪ್ರಶ್ನೆ!
ಒಂದು ಸಂಖ್ಯಾರೇಖೆಯನ್ನು ಕಲ್ಪಿಸಿಕೊಳ್ಳೋಣ" ಅಂತ
ಹದಿನಾರು ಸಾಲು, ತೊಳದಿಟ್ಟಂಥ ಕನ್ನಡ,
ನಮ್ಮೂರ ಧೂಳು ಒಂದು ಕಣ ಇಲ್ಲ.
'ತಿಳಿಲಿಲ್ಲ.'
"ಕ್ಷಮಿಸಿ, ಬೇರೆ ರೀತಿಯಲ್ಲಿ ಹೇಳುತ್ತೇನೆ."
'ಇನ್ನಾ ತಿಳಿಲಿಲ್ಲ. ನಮ್ಮಂಗ ಮಾತಾಡು.'
"ಆಯ್ತು ತಂಗಿ, ಈಗ ನೋಡ್ರಿ."
'ನಾ ತಂಗಿ ಅಲ್ಲ.'
"ಕ್ಷಮಿಸು ತಮ್ಮಾ."
'ಅದೂ ಬ್ಯಾಡ. ರುಣ ಹೇಳು.'

ಹಿಂಗ ಏಳು ಸಲ. ಎಂಟನೇದ್ದು:
'ನಮ್ಮವ್ವಂದು ಸಂಘದಾಗ ಒಂದು ರುಣ ಅದ,
ಕಾಕಾನ ಹತ್ತರ ಒಂದು.
ಧನ ಆಗಿಲ್ಲ. ಪುಸ್ತಕ ಸುಳ್ಳೇನು?'

ಇಲ್ಲಿ ಅದು ಖಂಡಿತ ಎಡವತದ ಅಂದುಕೊಂಡೆ.
ಎಡವಲಿಲ್ಲ.
"ಕೂಡಿದರೆ ಸಾಲ ಬೆಳೆಯುತ್ತದೆ, ನೀವು ಹೇಳಿದ್ದು ಸರಿ.
ಆದರೆ ಕಂತು ಕಳೆದರೆ? ವಾರದ ಕಂತು ಇನ್ನೂರು,
ಮೂರು ವಾರ ಕಟ್ಟುವುದೇ ಬೇಡ ಎಂದರು.
ಅವ್ವನ ಕೈಯಲ್ಲಿ ಏನಾಯಿತು?"

'ಆರುನೂರು ಉಳೀತು.'
ಕೆಳಗ, ಒಂದು ಸಾಲು ಬಿಟ್ಟು:
'ಹಾಂ.'

ಹತ್ತೊಂಬತ್ತು ವರ್ಷ "ತಿಳೀತಾ?" ಅಂದೀನಿ,
"ಹೌದ್ರೀ ಸರ್" ಅಂತ ಮಾಡು ಹಾರುವಂಗ ಅಂದಾರ.
ಈ ಹಾಂ ನನ್ನ ಕಿವಿಗಿ ಯಾವತ್ತೂ ಬಿದ್ದಿಲ್ಲ.

ಯಂತ್ರಕ್ಕ ಮರ್ಯಾದೆ ಅದ. ಕೊನೀಗಿ ಕೇಳ್ಯದ:
"ನಿಮ್ಮ ಶಿಕ್ಷಕರನ್ನೂ ಒಮ್ಮೆ ಕೇಳಿ ನೋಡಿ."
'ಕೇಳಿದ್ದೆ. ನಿಯಮ ಅದ, ಬಾಯಿಪಾಠ ಮಾಡು ಅಂದ್ರು.
ಅವರಿಗೂ ಗೊತ್ತಿಲ್ಲ ಅನಸ್ತದ.
ಅವರಿಗಿ ಹೇಳಬ್ಯಾಡ.'

ಯಾವಾಗ ಕೇಳಿತ್ತು? ಯಾರು?
ಒಂಬತ್ತನೇತ್ತಿನಾಗ ಅರವತ್ತೆರಡು ತಲಿ.
ಕೀಬೋರ್ಡಿನ ಒಂದು ಗುಂಡಿ ಮ್ಯಾಲ
ಸಾಂಬಾರಿನ ಹಳದಿ ಬೆರಳು ಒಣಗಿತ್ತು.
ಒರಸಲಿಕ್ಕೆ ಅಂತ ಅಂಗಿ ತುದಿ ಹಿಡದೆ,
ಬಿಟ್ಟೆ.
ಗೊತ್ತಿರಲಿಲ್ಲ, ಖರೇ. ನನಗ ಕಲಿಸಿದವರು
ಬರಲು ಹಿಡದು ಕಲಿಸಿದ್ರು, ಕೈ ಕೆಂಪಾತು, ಉತ್ತರ ಬಂತು,
ಕಾರಣ ಬರಲಿಲ್ಲ. ಅದನ್ನೇ ನಾ ಹಂಚಿಕೋತ ಬಂದೀನಿ.

ವರದಿಯಾಗ ಪ್ರಬಂಧ ಹದಿನಾಲ್ಕು ಅಂತ ಬರದೆ.
ಜ್ವರದ ಅರ್ಜಿ ಬರದೆ.
ಇದನ್ನ ಬರೀಲಿಲ್ಲ. ಹೇಳಬ್ಯಾಡ ಅಂದದಲ್ಲ ಪಾಪ,
ನನಗಲ್ಲದಿದ್ರೂ.

ಸೋಮವಾರ ಎರಡನೇ ಪಿರಿಯಡ್.
ಬೋರ್ಡಿಗಿ ಮುಖ ಮಾಡಿ, ಮೂರು ಕಂತು, ಇನ್ನೂರು ಅಂತ ಸುರು ಮಾಡಿ
ಅವಸರದಾಗ 'ರುಣ' ಅಂತ ಗೀಚಿದೆ.
"ಸರ್, ಋ ರೀ ಸರ್, ಋ!"
ಇಡೀ ಕ್ಲಾಸಿಗಿ ಹಬ್ಬ.
ಡಸ್ಟರ್ ಎತ್ತಿದೆ. ಹಿಂದಿನ ಬೆಂಚಿನ ಕಡಿಂದ
ಒಂದು ದನಿ, ಸಣ್ಣದು:
"ಇರ್ಲಿ ಬಿಡ್ರಿ ಸರ್. ತಿಳೀತದ."

ತಿರುಗಿ ನೋಡಲಿಲ್ಲ.
ಗುಣಾಕಾರದ ಚಿಹ್ನೆ ಹಾಕಿ
ಮುಂದಿನ ಸಾಲು ಬರದೆ.