ಮೈಕ್ ಬಂದ್ ಮಾಡಬ್ಯಾಡ್ರಿ

ಒಂಬತ್ತಕ್ಕ ಫೋನು ಕೂಡಸ್ತೇವಿ.
ಮಾತು ಕಡಿಮಿ, ಅವರವರ ಮನಿ ಸಪ್ಪಳ ಅಷ್ಟ:
ಗುಳೇದಗುಡ್ಡದ ಶಾವಂತ್ರವ್ವನ ಕುಣಿಮಗ್ಗ,
ಕಮತಗಿ ಬಿಯಾಮಾನ ಹೊಲಿಗಿ ಮಷೀನು,
ಬಾಗಲಕೋಟಿ ನವನಗರದಾಗ ನನ್ನ ಕೀಬೋರ್ಡು,
ಅದರಾಗ ಯಾವ್ದೋ ಊರಿನ ದವಾಖಾನಿ ಬಿಲ್ಲು.

ಅವ್ವನ ಓಣಿ ಹಿನ್ನೀರಾಗ ಮುಳುಗಿ ಹೋತು.
ಅಲ್ಲಿ ಗ್ವಾಡಿ ಬಡದ್ರ
ಆಚಿಕಡಿಂದ "ಯಾಕ ತಂಗಿ?" ಅಂತಿದ್ರಂತ.
ಇಲ್ಲಿ ಸೆಕ್ಟರಿಗೆ ನಂಬರ್ ಅದಾವ,
ಗ್ವಾಡಿಗೆ ಕಿವಿ ಇಲ್ಲ.

ಮಂಗಳವಾರ ಮಗ್ಗ ನಡುವ ನಿಂತಬಿಡ್ತು.
ಭಾಳ ಹೊತ್ತಿನ ಮ್ಯಾಲ, ಮೂಗು ಏರಿಸಿ,
"ಎಳಿ ಹರದೈತಿ" ಅಂದ್ಲು.
ಎಳಿ ಅಲ್ಲಂತ ಗೊತ್ತು. ಕೇಳಲಿಲ್ಲ ಯಾರೂ.
ಬಿಯಾಮಾ ಬಟ್ಟಿ ಇಲ್ಲದ ಮಷೀನು ತುಳದ್ಲು.
ನಾ ಬರೇ ಸ್ಪೇಸ್ ಒತ್ತಿದೆ,
ಸಾಲಿಗೆ ಸಾಲು, ಖಾಲಿ,

ಲಾಳಿ ಮತ್ತ ಓಡೂತನಕ.